ಸೆರೊಟೋನಿನ್ ಒತ್ತಡವನ್ನು ಏರಿಸುತ್ತದೋ, ಇಳಿಸುತ್ತದೋ?

ಆರ್ಕ್ಟಿಕ್ ಚಾರ್ ಎಂಬುದು ಉತ್ತರ ಧ್ರುವದ ಸುತ್ತಲಿನ ಕೊರೆಯುವ ನೀರಿನಲ್ಲಿ ಬದುಕುವ ಮೀನು. ಸಾಲ್ಮನ್, ಟ್ರೌಟ್‌ಗಳ ದಾಯಾದಿ. ಮೀನುಗಳ ಒತ್ತಡವನ್ನು ಬಹುಕಾಲದಿಂದ ಅಧ್ಯಯನ ಮಾಡುತ್ತಿದ್ದ ಸ್ವೀಡನ್ನಿನ ಸ್ವಾಂಟೆ ವಿನ್‌ಬರ್ಗ್ ಮತ್ತು ಸಂಗಡಿಗರು ಈ ಮೀನಿಗೆ 8-ಓಎಚ್-ಡಿಪಿಎಟಿ ಎಂಬ ಮದ್ದು ಕೊಟ್ಟು ನೋಡಿದರು. ಸೆರೊಟೋನಿನ್ ಎಂದರೆ ನರಕೋಶಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕ. ಮೆದುಳಿನಲ್ಲಿ ಅದು ಬಂದು ಅಂಟಿಕೊಳ್ಳುವ ಗ್ರಾಹಿಗಳು, ಅಂದರೆ ರಿಸೆಪ್ಟರುಗಳು, ಹಲವು ಬಗೆಯವು. ಈ ಮದ್ದು ಮುಖ್ಯವಾಗಿ ಅವುಗಳಲ್ಲಿ '1ಎ' ಎಂಬ ಒಂದನ್ನು ಕೆರಳಿಸುತ್ತದೆ. 2002ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ನೆಮ್ಮದಿಯಾಗಿದ್ದ ಮೀನಿನ ರಕ್ತದಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸೋಲ್ ಏರಿತು. ಆಗಲೇ ಒತ್ತಡಕ್ಕೆ ಸಿಕ್ಕಿದ್ದ ಮೀನಿನಲ್ಲಿ ಅದೇ ಮದ್ದು ಕಾರ್ಟಿಸೋಲನ್ನು ಇಳಿಸಿತು.

ಮದ್ದು ಒಂದೇ, ಗ್ರಾಹಿ ಒಂದೇ, ಮೀನಿನ ಜಾತಿಯೂ ಒಂದೇ. ಬೇರೆಯಾಗಿದ್ದದ್ದು ಮೀನು ಯಾವ ಸ್ಥಿತಿಯಲ್ಲಿತ್ತು ಎನ್ನುವುದಷ್ಟೇ. ಪತ್ರಿಕೆಗಳ ಆರೋಗ್ಯ ಪುಟದಲ್ಲಿ ಸೆರೊಟೋನಿನ್‌ಗೆ 'ಸಂತೋಷದ ರಾಸಾಯನಿಕ' ಎಂಬ ಬಿರುದು ಖಾಯಂ ಆಗಿಬಿಟ್ಟಿದೆ. ಆ ಬಿರುದನ್ನು ನಂಬಿ ಹೊರಟವರಿಗೆ ಈ ಮೀನು ಅರ್ಥವೇ ಆಗುವುದಿಲ್ಲ. ಸೆರೊಟೋನಿನ್ ತಾನಾಗಿ ಸಂತೋಷವನ್ನೂ ಹೇಳುವುದಿಲ್ಲ, ಸಂಕಟವನ್ನೂ ಹೇಳುವುದಿಲ್ಲ. ಅದರ ಮಾತಿಗೆ ಅರ್ಥ ಕೊಡುವುದು ಅದನ್ನು ಹಿಡಿದುಕೊಳ್ಳುವ ಗ್ರಾಹಿ, ಆ ಗ್ರಾಹಿ ಕುಳಿತಿರುವ ಜಾಗ, ಮತ್ತು ಆ ಪ್ರಾಣಿಯ ಮೇಲೆ ಅಲ್ಲಿಯವರೆಗೆ ಏನೇನು ಹಾದುಹೋಗಿದೆ ಎನ್ನುವುದು.

ಹೊಟ್ಟೆಯಲ್ಲಿ ಹೆಚ್ಚು, ಮೆದುಳಿನಲ್ಲಿ ಚೂರು

ಸೆರೊಟೋನಿನ್ ಮೊದಲು ಕಣ್ಣಿಗೆ ಬಿದ್ದದ್ದು ಮೆದುಳಿನಲ್ಲಲ್ಲ. 1930ರ ದಶಕದಲ್ಲಿ ಇಟಲಿಯ ವಿಟ್ಟೋರಿಯೊ ಎರ್ಸ್‌ಪಾಮರ್ ಅದನ್ನು ಕರುಳಿನ ಒಳಪದರದ ಕೋಶಗಳಲ್ಲಿ ಕಂಡು ಬೇರೊಂದು ಹೆಸರಿಟ್ಟಿದ್ದರು. 1948ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಮಾರಿಸ್ ರ‍್ಯಾಪೋರ್ಟ್, ಆರ್ಡಾ ಗ್ರೀನ್, ಅರ್ವಿನ್ ಪೇಜ್ ಅದನ್ನು ರಕ್ತದಿಂದ ಬೇರ್ಪಡಿಸಿದರು. ಅವರು ಹುಡುಕುತ್ತಿದ್ದದ್ದು ರಕ್ತನಾಳವನ್ನು ಬಿಗಿಯುವ ವಸ್ತುವನ್ನು. ಮೆದುಳಿನಲ್ಲೂ ಅದಿದೆ ಎಂದು ಬೆಟ್ಟಿ ಟ್ವರೋಗ್ ತೋರಿಸಿದ್ದು 1953ರಲ್ಲಿ. ಇವತ್ತಿಗೂ ಲೆಕ್ಕ ಬದಲಾಗಿಲ್ಲ: ದೇಹದ ಸೆರೊಟೋನಿನ್‌ನಲ್ಲಿ ಶೇ. 90ಕ್ಕೂ ಹೆಚ್ಚು ಪಾಲು ಕರುಳಿನದು. ಅದು ರಕ್ತದಿಂದ ಮೆದುಳಿಗೆ ನುಸುಳಲಾರದು. ಹಾಗಾಗಿ ಮೆದುಳು ತನಗೆ ಬೇಕಾದ್ದನ್ನು ತಾನೇ ಮಾಡಿಕೊಳ್ಳಬೇಕು. ಕಚ್ಚಾವಸ್ತು ಟ್ರಿಪ್ಟೊಫಾನ್ ಎಂಬ ಅಮೈನೊ ಆಮ್ಲ; ಅದು ಆಹಾರದಿಂದಲೇ ಬರಬೇಕು.

ಸಸ್ತನಿಗಳಲ್ಲಿ ಈ ತಯಾರಿಕೆ ನಡೆಯುವುದು ಮೆದುಳುಕಾಂಡದ ನಡುಗೆರೆಯ ಉದ್ದಕ್ಕೂ ಇರುವ ರಾಫೆ ಎಂಬ ನರಕೋಶಗಳ ಗುಂಪುಗಳಲ್ಲಿ. 1964ರಲ್ಲಿ ಸ್ವೀಡನ್ನಿನ ಅನಿಕಾ ಡಾಲ್‌ಸ್ಟ್ರೋಮ್ ಮತ್ತು ಶೆಲ್ ಫೂಕ್ಸೆ ಇಲಿಯ ಮೆದುಳಿನಲ್ಲಿ ಈ ಕೋಶಗಳನ್ನು ಹೊಳೆಯುವಂತೆ ಮಾಡಿ ನಕ್ಷೆ ಬರೆದರು. ಇಲಿಗಿಂತ ಸಣ್ಣದಾದ ಚಿಟ್ಟಿಲಿಯ ಮೆದುಳಿನಲ್ಲಿ ಸುಮಾರು 7 ಕೋಟಿ ನರಕೋಶಗಳಿವೆ. ಅದರಲ್ಲಿ ಸೆರೊಟೋನಿನ್ ಮಾಡುವವು ಸುಮಾರು 26,000. ಇಷ್ಟು ಕಡಿಮೆ ಕೋಶಗಳ ಎಳೆಗಳು ಹೆಚ್ಚುಕಡಿಮೆ ಇಡೀ ಮೆದುಳನ್ನು ತಲುಪುತ್ತವೆ. ಒಂದೇ ಸಂದೇಶ ನೂರು ಊರಿಗೆ ಹೋದಾಗ ಪ್ರತಿ ಊರಿನವರೂ ಅದನ್ನು ತಮ್ಮ ಕಿವಿಯಲ್ಲೇ ಕೇಳಿಸಿಕೊಳ್ಳುವುದು ಸಹಜ. ಆ ಕಿವಿಗಳೇ ಗ್ರಾಹಿಗಳು.

ಮೀನಿನ ವಿಷಯದಲ್ಲಿ ಒಂದು ವ್ಯತ್ಯಾಸವನ್ನು ಇಲ್ಲೇ ಹೇಳಿಬಿಡಬೇಕು. ಅವಕ್ಕೆ ರಾಫೆಯ ಜೊತೆಗೆ ಮೆದುಳಿನ ತಳಭಾಗದ ಹೈಪೋಥಲಾಮಸ್‌ನಲ್ಲೂ ಸೆರೊಟೋನಿನ್ ಮಾಡುವ ನರಕೋಶಗಳಿವೆ, ಅಂದರೆ ಒತ್ತಡದ ಹಾರ್ಮೋನಿನ ಸರಪಳಿ ಶುರುವಾಗುವ ಕಡೆಯಲ್ಲೇ. ಸಸ್ತನಿಗಳಲ್ಲಿ ಇವಿಲ್ಲ. ಆದ್ದರಿಂದ ಮೀನಿನಲ್ಲಿ ಕಂಡದ್ದನ್ನು ಹಾಗೇ ಎತ್ತಿ ಇಲಿಗೆ ಹೊದಿಸುವಂತಿಲ್ಲ.

ಮೂರು ಮೆಟ್ಟಿಲಿನ ಸರಪಳಿ

ಬೆದರಿಕೆ ಎದುರಾದಾಗ ಹೈಪೋಥಲಾಮಸ್‌ನ 'ಪ್ಯಾರಾವೆಂಟ್ರಿಕ್ಯುಲರ್' ಎಂಬ ಪುಟ್ಟ ಕೇಂದ್ರದ ನರಕೋಶಗಳು ಸಿಆರ್‌ಎಚ್ ಎಂಬ ಹಾರ್ಮೋನನ್ನು ಸುರಿಸುತ್ತವೆ. 1981ರಲ್ಲಿ ವೈಲಿ ವೇಲ್ ಅವರ ತಂಡ ಕುರಿಗಳ ಹೈಪೋಥಲಾಮಸ್‌ನಿಂದ ಇದನ್ನು ಬೇರ್ಪಡಿಸಿತು. 41 ಅಮೈನೊ ಆಮ್ಲಗಳ ಸಣ್ಣ ಸರ ಅದು. ಸಿಆರ್‌ಎಚ್ ಕೆಳಗಿನ ಪಿಟ್ಯುಟರಿ ಗ್ರಂಥಿಗೆ ಹೋಗಿ ಎಸಿಟಿಎಚ್ ಎಂಬ ಇನ್ನೊಂದನ್ನು ಹೊರಡಿಸುತ್ತದೆ. ಎಸಿಟಿಎಚ್ ರಕ್ತದಲ್ಲಿ ಸಾಗಿ ಮೂತ್ರಪಿಂಡದ ನೆತ್ತಿಯಲ್ಲಿರುವ ಅಡ್ರಿನಲ್ ಗ್ರಂಥಿಯನ್ನು ತಟ್ಟುತ್ತದೆ. ಅಲ್ಲಿಂದ ಬರುವುದೇ ನಾವು ಅಳೆಯುವ ಒತ್ತಡದ ಹಾರ್ಮೋನು. ಮನುಷ್ಯ, ದನ, ನಾಯಿ, ಮೀನುಗಳಲ್ಲಿ ಅದು ಮುಖ್ಯವಾಗಿ ಕಾರ್ಟಿಸೋಲ್. ಇಲಿ, ಹಕ್ಕಿ, ಕಪ್ಪೆಗಳಲ್ಲಿ ಕಾರ್ಟಿಕೋಸ್ಟೆರೋನ್. ಮೀನಿಗೆ ನಮ್ಮ ಹಾಗೆ ಪ್ರತ್ಯೇಕ ಅಡ್ರಿನಲ್ ಗ್ರಂಥಿಯಿಲ್ಲ. ಅದೇ ಕೆಲಸದ ಕೋಶಗಳು ಮೂತ್ರಪಿಂಡದ ಮುಂತುದಿಯಲ್ಲಿ ಚದುರಿಕೊಂಡಿವೆ.

ಸರಪಳಿ ಉದ್ದವಾದ್ದರಿಂದ ಹಾರ್ಮೋನು ಏರಲು ಕೆಲವು ನಿಮಿಷ ಬೇಕು. ಕಾಡುಹಕ್ಕಿಗಳ ಮೇಲೆ ಕೆಲಸ ಮಾಡುವವರು ಹಕ್ಕಿ ಬಲೆಗೆ ಬಿದ್ದ 3 ನಿಮಿಷದೊಳಗೆ ರಕ್ತ ತೆಗೆಯಲು ಪರದಾಡುವುದು ಇದಕ್ಕೇ. ತಡವಾದರೆ ಅವರು ಅಳೆಯುವುದು ಹಕ್ಕಿಯ ಬದುಕಿನ ಒತ್ತಡವನ್ನಲ್ಲ, ಬಲೆಯ ಒತ್ತಡವನ್ನು. ಆನೆಯಂಥ ಪ್ರಾಣಿಯ ಹತ್ತಿರ ಸೂಜಿ ಹಿಡಿದು ಹೋಗುವ ಮಾತೇ ಇಲ್ಲ. ಅಲ್ಲಿ ಲದ್ದಿಯೇ ಗತಿ. ಹಾರ್ಮೋನು ದೇಹದಲ್ಲಿ ಒಡೆದು ಉಳಿದ ಶೇಷ ಲದ್ದಿಯಲ್ಲಿ ಸಿಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಅವರ ಬಳಗ ಬಂಡೀಪುರ, ಮುದುಮಲೆ ಕಾಡುಗಳ ಆನೆ ಲದ್ದಿಯನ್ನು ಹೀಗೆ ಪರೀಕ್ಷಿಸಿ, ಮೈ ಸೊರಗಿದ ಆನೆಗಳಲ್ಲಿ ಈ ಶೇಷ ಹೆಚ್ಚಿರುವುದನ್ನು 2017ರಲ್ಲಿ ವರದಿ ಮಾಡಿತು. ಆದರೆ ಲದ್ದಿ ಹೇಳುವುದು ಸರಪಳಿಯ ಕೊನೆಯ ಕೊಂಡಿಯ ಸುದ್ದಿಯನ್ನು ಮಾತ್ರ. ಮೇಲೆ, ಮೆದುಳಿನಲ್ಲಿ, ಯಾವ ಗ್ರಾಹಿ ಏನು ಮಾಡಿತು ಎಂದು ತಿಳಿಯಬೇಕಾದರೆ ಪ್ರಯೋಗಾಲಯಕ್ಕೇ ಹೋಗಬೇಕು.

ಸರಪಳಿಗೆ ತನ್ನದೇ ತಡೆಯೂ ಇದೆ. ಮನೆಯ ಮೇಲಿನ ನೀರಿನ ಟ್ಯಾಂಕು ತುಂಬುತ್ತಿದ್ದಂತೆ ತೇಲುಬುರುಡೆ ಮೇಲೆದ್ದು ಮೋಟಾರು ನಿಲ್ಲುತ್ತದಲ್ಲ, ಹಾಗೆಯೇ ರಕ್ತದಲ್ಲಿ ಹಾರ್ಮೋನು ಹೆಚ್ಚಿದಾಗ ಅದು ಮೆದುಳಿಗೆ ಮರಳಿ ಹೋಗಿ 'ಇನ್ನು ಸಾಕು' ಎನ್ನುತ್ತದೆ. ಆ ತೇಲುಬುರುಡೆಗಳಲ್ಲಿ ಮುಖ್ಯವಾದದ್ದು ನೆನಪಿನ ಕೆಲಸಕ್ಕೆ ಹೆಸರಾದ ಹಿಪ್ಪೊಕ್ಯಾಂಪಸ್‌ನಲ್ಲಿದೆ. ಸೆರೊಟೋನಿನ್ ಕೈಯಾಡಿಸುವುದು ಎರಡೂ ಕಡೆ: ಮೋಟಾರಿನ ಗುಂಡಿಯ ಮೇಲೂ, ತೇಲುಬುರುಡೆಯ ಮೇಲೂ.

ಹದಿನಾಲ್ಕು ಗ್ರಾಹಿಗಳು

ಸೆರೊಟೋನಿನ್‌ಗೆ ಒಂದಕ್ಕಿಂತ ಹೆಚ್ಚು ಗ್ರಾಹಿಗಳಿವೆ ಎಂಬ ಸುಳಿವು ಸಿಕ್ಕಿದ್ದು 1957ರಲ್ಲಿ, ಗಿನಿಪಿಗ್‌ನ ಕರುಳಿನ ತುಂಡಿನಲ್ಲಿ. ಗ್ಯಾಡಮ್ ಮತ್ತು ಪಿಕಾರೆಲ್ಲಿ ಅದರ ಮೇಲೆ ಸೆರೊಟೋನಿನ್ ಹಾಕಿದಾಗ ಸ್ನಾಯು ಬಿಗಿಯಿತು. ಆ ಬಿಗಿತದ ಒಂದು ಭಾಗವನ್ನು ಮಾರ್ಫಿನ್ ತಡೆಯಿತು, ಇನ್ನೊಂದು ಭಾಗವನ್ನು ಬೇರೊಂದು ಮದ್ದು ತಡೆಯಿತು. ಅಂದರೆ ಬಾಗಿಲು ಕನಿಷ್ಠ ಎರಡು. ಈಗ ಸಸ್ತನಿಗಳಲ್ಲಿ 7 ಕುಟುಂಬಗಳು, 14 ಬಗೆಗಳು ಎಂದು ಲೆಕ್ಕವಾಗಿದೆ.

ಎಲ್ಲವನ್ನೂ ಇಲ್ಲಿ ಕರೆದು ಕೂರಿಸುವ ಅಗತ್ಯವಿಲ್ಲ. ಒತ್ತಡದ ಕಥೆಯಲ್ಲಿ ಮುಖ್ಯ ಪಾತ್ರ ನಾಲ್ಕೈದರದ್ದು. 1ಎ ಗ್ರಾಹಿ ತಾನು ಕೂತ ನರಕೋಶವನ್ನು ಸುಮ್ಮನಾಗಿಸುತ್ತದೆ. ಪೊಟ್ಯಾಸಿಯಂ ಕೋಶದಿಂದ ಹೊರಗೆ ಸೋರುವಂತೆ ಮಾಡಿ ಅದು ಮಿಡಿಯದ ಹಾಗೆ ನೋಡಿಕೊಳ್ಳುತ್ತದೆ. 2ಎ ಮತ್ತು 2ಸಿ ಇದಕ್ಕೆ ತದ್ವಿರುದ್ಧ. ಕೋಶದೊಳಗೆ ಕ್ಯಾಲ್ಸಿಯಂ ಏರಿಸಿ ಕೆರಳಿಸುತ್ತವೆ. 4 ಮತ್ತು 7 ನಿಧಾನಸ್ಥರು. ಅವು ಕೋಶದೊಳಗೆ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕವನ್ನು ಹೆಚ್ಚಿಸುತ್ತವೆ, ಪರಿಣಾಮ ಜೀನುಗಳವರೆಗೂ ಹೋಗಬಹುದು.

ಇಲಿಯಲ್ಲಿ ಕಂಡದ್ದು

1970ರ ದಶಕದ ಮಧ್ಯದಲ್ಲಿ ಅಮೆರಿಕದ ಇಲೈ ಲಿಲ್ಲಿ ಕಂಪನಿಯಲ್ಲಿ ರೇ ಫುಲ್ಲರ್ ಮತ್ತು ಸಂಗಡಿಗರು ಆಗಿನ್ನೂ ಹೊಸದಾಗಿದ್ದ ಫ್ಲೂಕ್ಸೆಟಿನ್ ಮೇಲೆ ಕೆಲಸ ಮಾಡುತ್ತಿದ್ದರು. ಮುಂದೆ ಪ್ರೋಜ್ಯಾಕ್ ಎಂದು ಜಗತ್ತಿಗೆಲ್ಲ ಗೊತ್ತಾದ ಖಿನ್ನತೆಯ ಮಾತ್ರೆ ಅದು. ಬಿಡುಗಡೆಯಾದ ಸೆರೊಟೋನಿನ್ ಬೇಗ ಒಳಗೆ ಹೀರಿಹೋಗದಂತೆ ತಡೆಯುವುದು ಅದರ ಕೆಲಸ. ಫ್ಲೂಕ್ಸೆಟಿನ್ ಜೊತೆಗೆ ಸೆರೊಟೋನಿನ್‌ನ ಕಚ್ಚಾವಸ್ತುವನ್ನೂ ಕೊಟ್ಟಾಗ ಇಲಿಯ ರಕ್ತದಲ್ಲಿ ಕಾರ್ಟಿಕೋಸ್ಟೆರೋನ್ ಜಿಗಿಯಿತು. ಮನಸ್ಸನ್ನು ಹಗುರ ಮಾಡುವ ವಸ್ತು ಒತ್ತಡದ ಹಾರ್ಮೋನನ್ನು ಏರಿಸುವುದೇ? ಹೌದು. ಸೆರೊಟೋನಿನ್ ದಿಢೀರನೆ ಹೆಚ್ಚಾದಾಗ ಆಗುವುದು ಅದೇ, ಅದು ಮತ್ತೆ ಮತ್ತೆ ಖಚಿತವಾಗಿದೆ.

ದಾರಿ ಎಲ್ಲಿ? 1987ರಲ್ಲಿ ಲಿಪೋಸಿಟ್ಸ್ ಮತ್ತು ಸಹೋದ್ಯೋಗಿಗಳು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ, ಸೆರೊಟೋನಿನ್ ಎಳೆಗಳು ಇಲಿಯ ಸಿಆರ್‌ಎಚ್ ನರಕೋಶಗಳ ಮೇಲೇ ನೇರವಾಗಿ ಕೊನೆಯಾಗುತ್ತವೆ ಎಂದು ತೋರಿಸಿದರು. ತಂತಿ ಸಿಕ್ಕಿತು. ಇನ್ನು ಆ ತುದಿಯಲ್ಲಿ ಯಾವ ಗ್ರಾಹಿಯಿದೆ ಎಂಬ ಪ್ರಶ್ನೆ. ಇದಕ್ಕೆ ಸಂಶೋಧಕರು ಬಳಸುವ ಉಪಾಯ ಸರಳ: ಒಂದು ಗ್ರಾಹಿಯನ್ನು ಮಾತ್ರ ಕೆರಳಿಸುವ ಮದ್ದು ಕೊಡುವುದು, ಅದೇ ಗ್ರಾಹಿಯನ್ನು ಮುಚ್ಚುವ ಇನ್ನೊಂದು ಮದ್ದನ್ನು ಮೊದಲೇ ಕೊಟ್ಟು ಪರಿಣಾಮ ಮಾಯವಾಗುತ್ತದೋ ನೋಡುವುದು. ಡಿಓಐ ಎಂಬ ಮದ್ದು 2ಎ ಮತ್ತು 2ಸಿ ಗ್ರಾಹಿಗಳನ್ನು ಕೆರಳಿಸುತ್ತದೆ, ಇಲಿಯಲ್ಲಿ ಎಸಿಟಿಎಚ್ ಮತ್ತು ಕಾರ್ಟಿಕೋಸ್ಟೆರೋನ್ ಎರಡನ್ನೂ ಏರಿಸುತ್ತದೆ. 2ಎ ಗ್ರಾಹಿಯನ್ನು ಮುಚ್ಚಿದರೆ ಆ ಏರಿಕೆ ನಿಲ್ಲುತ್ತದೆ ಎಂದು ಶಿಕಾಗೋದ ಲೂಯಿಸ್ ವಾನ್ ಡಿ ಕಾರ್ ಅವರ ತಂಡ 2001ರಲ್ಲಿ ತೋರಿಸಿತು. 2007ರಲ್ಲಿ ಲೋರಾ ಹೈಸ್ಲರ್ ಮತ್ತು ಸಹೋದ್ಯೋಗಿಗಳು ಚಿಟ್ಟಿಲಿಯಲ್ಲಿ 2ಸಿಯ ಪಾತ್ರವನ್ನು ಬಯಲು ಮಾಡಿದರು. ಅಲ್ಲಿ ಸಿಆರ್‌ಎಚ್ ನರಕೋಶಗಳ ಮೇಲೆ 2ಸಿ ಗ್ರಾಹಿಯಿದೆ. ಅದರ ಜೀನನ್ನೇ ಕಳೆದುಕೊಂಡ ಚಿಟ್ಟಿಲಿಗಳಲ್ಲಿ ಸೆರೊಟೋನಿನ್ ಹೆಚ್ಚಿಸುವ ಮದ್ದು ಕೊಟ್ಟರೂ ಹಾರ್ಮೋನು ಏಳುವುದಿಲ್ಲ.

ಇಲಿಯಲ್ಲಿ 2ಎ, ಚಿಟ್ಟಿಲಿಯಲ್ಲಿ 2ಸಿ ಎಂದು ಗೆರೆ ಎಳೆದು ಮುಗಿಸಲು ಮನಸ್ಸಾಗುತ್ತದೆ. ಆದರೆ ಮದ್ದುಗಳು ಅಷ್ಟೊಂದು ಶುದ್ಧವಲ್ಲ. ಬೇರೆ ಗ್ರಾಹಿಯನ್ನೂ ಸ್ವಲ್ಪ ಮುಟ್ಟುತ್ತವೆ. ಎರಡೂ ಪ್ರಾಣಿಗಳಲ್ಲಿ ಎರಡೂ ಗ್ರಾಹಿಗಳಿವೆ. 2ರ ಕುಟುಂಬ ಹೈಪೋಥಲಾಮಸ್‌ನಲ್ಲಿ ಹಾರ್ಮೋನನ್ನು ಏರಿಸುವ ಕಡೆಗಿದೆ ಎನ್ನುವಷ್ಟನ್ನು ಧೈರ್ಯವಾಗಿ ಹೇಳಬಹುದು.

ಇಷ್ಟರವರೆಗೆ ಸಲೀಸು: ಕೆರಳಿಸುವ ಗ್ರಾಹಿ, ಕೆರಳುವ ಹಾರ್ಮೋನು. ತೊಡಕು ಇರುವುದು 1ಎಯಲ್ಲಿ. ಅದು ಕೋಶವನ್ನು ಸುಮ್ಮನಾಗಿಸುವ ಗ್ರಾಹಿ. ಆದರೂ 8-ಓಎಚ್-ಡಿಪಿಎಟಿ ಕೊಟ್ಟ ಇಲಿಯಲ್ಲಿ ಎಸಿಟಿಎಚ್ ಮತ್ತು ಕಾರ್ಟಿಕೋಸ್ಟೆರೋನ್ ಏರುತ್ತವೆ. ಇದಕ್ಕೊಂದು ವಿವರಣೆ ಹೀಗಿದೆ. ಸಿಆರ್‌ಎಚ್ ನರಕೋಶಗಳ ಸುತ್ತ ಗ್ಯಾಬಾ ಎಂಬ ರಾಸಾಯನಿಕ ಬಳಸುವ ಕಾವಲು ಕೋಶಗಳಿವೆ. ಅವು ಸದಾ ತಡೆ ಒತ್ತಿಕೊಂಡೇ ಇರುತ್ತವೆ. ಕಾವಲಿನವರನ್ನು ಸುಮ್ಮನಾಗಿಸಿದರೆ ಒಳಗಿನವರು ಗದ್ದಲ ಎಬ್ಬಿಸುತ್ತಾರೆ. ತಡೆಯನ್ನು ತಡೆದಾಗ ಸಿಗುವುದು ಚಾಲನೆ.

ಒಂದೇ ಗ್ರಾಹಿಗೆ ಎರಡು ಮನೆ

1ಎ ಗ್ರಾಹಿಯ ಕಥೆ ಅಲ್ಲಿಗೇ ನಿಲ್ಲುವುದಿಲ್ಲ. ಅದಕ್ಕೆ ಎರಡು ವಾಸಸ್ಥಾನಗಳಿವೆ. ಒಂದು, ಸೆರೊಟೋನಿನ್ ತಲುಪುವ ಕಡೆ: ಹಿಪ್ಪೊಕ್ಯಾಂಪಸ್, ಹೈಪೋಥಲಾಮಸ್, ಹೊರಪದರ ಇತ್ಯಾದಿ. ಇನ್ನೊಂದು, ಸೆರೊಟೋನಿನ್ ಹೊರಡುವ ಕಡೆ: ರಾಫೆಯ ನರಕೋಶಗಳ ಮೈಮೇಲೇ. ಈ ಎರಡನೆಯದು ಸ್ವಂತ ತಪಾಸಣೆಗಾಗಿ ಇಟ್ಟುಕೊಂಡದ್ದು. ತಾನು ಬಿಟ್ಟ ಸೆರೊಟೋನಿನ್ ತನ್ನ ಮೇಲೇ ಬಂದು ಕೂತಾಗ ರಾಫೆ ಕೋಶ ಮಿಡಿಯುವುದನ್ನು ಕಡಿಮೆ ಮಾಡುತ್ತದೆ. ಆದ್ದರಿಂದ ದೇಹಕ್ಕೆಲ್ಲ 1ಎ ಮದ್ದು ಕೊಟ್ಟರೆ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ: ತಲುಪುವ ಕಡೆ ಸೆರೊಟೋನಿನ್ ಬಂದಂತೆ ನಟನೆ, ಹೊರಡುವ ಕಡೆ ನಿಜವಾದ ಸೆರೊಟೋನಿನ್‌ಗೆ ಕತ್ತರಿ.

ಇಲಿಗಳಲ್ಲಿ ಸೆರೊಟೋನಿನ್ ನರಕೋಶಗಳನ್ನು ಮೊದಲೇ ನಾಶ ಮಾಡಿದರೂ 8-ಓಎಚ್-ಡಿಪಿಎಟಿ ಹಾರ್ಮೋನನ್ನು ಏರಿಸುತ್ತದೆ. ಹಾಗಾಗಿ ಏರಿಸುವ ಪರಿಣಾಮ ತಲುಪುವ ಕಡೆಯ ಗ್ರಾಹಿಯದ್ದು ಎಂದು ಗೊತ್ತಾಯಿತು. ಈಗ ಆ ಚಾರ್ ಮೀನನ್ನು ಮತ್ತೊಮ್ಮೆ ನೋಡೋಣ. ಆರಾಮವಾಗಿರುವ ಮೀನಿನಲ್ಲಿ ಸೆರೊಟೋನಿನ್ ಕೋಶಗಳು ಹಾರ್ಮೋನಿನ ಸರಪಳಿಯನ್ನು ಅಷ್ಟೇನೂ ತಳ್ಳುತ್ತಿರುವುದಿಲ್ಲ. ಅವನ್ನು ಸುಮ್ಮನಾಗಿಸಿದರೆ ಕಳೆದುಕೊಳ್ಳುವುದೇನೂ ಇಲ್ಲ. ತಲುಪುವ ಕಡೆಯ ಪರಿಣಾಮವೊಂದೇ ಎದ್ದು ಕಾಣುತ್ತದೆ, ಕಾರ್ಟಿಸೋಲ್ ಏರುತ್ತದೆ. ಒತ್ತಡದಲ್ಲಿರುವ ಮೀನಿನಲ್ಲಿ ಆ ಕೋಶಗಳು ಆಗಲೇ ಜೋರಾಗಿ ಮಿಡಿಯುತ್ತಿವೆ. ಸರಪಳಿಯನ್ನು ತಳ್ಳುತ್ತಿರುವವರಲ್ಲಿ ಅವೂ ಸೇರಿವೆ. ಅವುಗಳ ಬಾಯಿ ಮುಚ್ಚಿಸಿದರೆ ತಳ್ಳು ಕಡಿಮೆಯಾಗಿ ಕಾರ್ಟಿಸೋಲ್ ಇಳಿಯುತ್ತದೆ. ಇದು ಪ್ರಯೋಗದಿಂದ ಸಿಕ್ಕ ಅಂಕಿಗಳಲ್ಲ, ಅಂಕಿಗಳನ್ನು ಓದುವ ಒಂದು ಬಗೆ. ನನಗೆ ಹೆಚ್ಚು ಒಪ್ಪಿತವಾಗಿ ಕಾಣುವುದೂ ಇದೇ.

ಮೀನುಗಳಲ್ಲಿ ಈ 'ಆಗಲೇ ಜೋರಾಗಿ ಮಿಡಿಯುತ್ತಿರುವ' ಸ್ಥಿತಿ ಸುಮ್ಮನೆ ಊಹೆಯಲ್ಲ. ಎರಡು ಮಳೆಬಿಲ್ಲು ಟ್ರೌಟ್‌ಗಳನ್ನು ಒಂದೇ ತೊಟ್ಟಿಗೆ ಬಿಟ್ಟರೆ ಬೇಗನೆ ಒಂದು ಯಜಮಾನ, ಇನ್ನೊಂದು ಮೂಲೆ ಸೇರಿದ ಅಡಿಯಾಳು. ಸೋತ ಮೀನಿನ ಮೆದುಳಿನಲ್ಲಿ ಸೆರೊಟೋನಿನ್ ಬಳಕೆ ಹೆಚ್ಚಿರುತ್ತದೆ, ರಕ್ತದಲ್ಲಿ ಕಾರ್ಟಿಸೋಲೂ ಹೆಚ್ಚಿರುತ್ತದೆ. ಮೇವು ಹಾಕಿದರೂ ಮುಂದೆ ಬರಲು ಅದು ಹಿಂಜರಿಯುತ್ತದೆ. ಸೆರೊಟೋನಿನ್ ಹೆಚ್ಚಿದ್ದರೆ ಸುಖ ಎಂಬ ಸೂತ್ರ ಈ ಮೂಲೆಯ ಮೀನಿಗೆ ಅನ್ವಯವಾಗುವುದೇ ಇಲ್ಲ.

ಹಾಗಂತ ಸೆರೊಟೋನಿನ್ ಇಲ್ಲದೆ ಒತ್ತಡದ ಪ್ರತಿಕ್ರಿಯೆಯೇ ಇಲ್ಲ ಎಂದೂ ಅಲ್ಲ. ಇಲಿಯ ಹೈಪೋಥಲಾಮಸ್‌ಗೆ ಬರುವ ಸೆರೊಟೋನಿನ್ ಎಳೆಗಳನ್ನು ನಾಶ ಮಾಡಿದರೆ ಬೆಳಕು, ಸದ್ದಿನಂಥ ಪ್ರಚೋದನೆಗಳಿಗೆ ಹಾರ್ಮೋನು ಏಳುವುದು ಮಂಕಾಗುತ್ತದೆ. ಆದರೆ ಸರಪಳಿಯನ್ನು ತಳ್ಳಲು ನಾರ್‌ಅಡ್ರಿನಲಿನ್ ಮುಂತಾದ ಬೇರೆ ಕೈಗಳೂ ಇವೆ. ಸೆರೊಟೋನಿನ್ ಅವುಗಳಲ್ಲಿ ಒಂದು.

ಹಾರ್ಮೋನು ಗ್ರಾಹಿಯನ್ನು ತಿದ್ದುತ್ತದೆ

ಇಲ್ಲಿಯವರೆಗೆ ಗ್ರಾಹಿ ಹಾರ್ಮೋನಿಗೆ ಏನು ಮಾಡುತ್ತದೆ ಎಂದು ನೋಡಿದೆವು. ಹಾರ್ಮೋನೂ ಗ್ರಾಹಿಯನ್ನು ಬಿಡುವುದಿಲ್ಲ. ಇಲಿಯ ಅಡ್ರಿನಲ್ ಗ್ರಂಥಿಗಳನ್ನು ತೆಗೆದು ಕಾರ್ಟಿಕೋಸ್ಟೆರೋನ್ ಇಲ್ಲದಂತೆ ಮಾಡಿದರೆ ಹಿಪ್ಪೊಕ್ಯಾಂಪಸ್‌ನಲ್ಲಿ 1ಎ ಗ್ರಾಹಿಗಳು ಹೆಚ್ಚುತ್ತವೆ; ಹಾರ್ಮೋನನ್ನು ಮರಳಿ ಕೊಟ್ಟರೆ ಕುಗ್ಗುತ್ತವೆ. ಅಂದರೆ ದೀರ್ಘಕಾಲದ ಒತ್ತಡ ತನ್ನನ್ನು ಹದದಲ್ಲಿಡಬೇಕಾದ ಗ್ರಾಹಿಯನ್ನೇ ತಿನ್ನುತ್ತಾ ಹೋಗುತ್ತದೆ.

ಇದನ್ನು ತೋರಿಸಿದ ಪ್ರಯೋಗಗಳಲ್ಲಿ ನನಗೆ ಇಷ್ಟವಾದದ್ದು 1995ರದ್ದು. ಅದರಲ್ಲಿ ಸೂಜಿ, ಶಾಕ್‌ಗಳ ಹಿಂಸೆ ಇರಲಿಲ್ಲ. ಸುರಂಗ, ಗೂಡುಗಳಿದ್ದ, ಹೊರಗಿನಿಂದ ಕಾಣುವಂಥ ಒಂದು ಬಿಲದ ಮಾದರಿಯಲ್ಲಿ ಗಂಡು, ಹೆಣ್ಣು ಇಲಿಗಳನ್ನು ಒಟ್ಟಿಗೆ ಬಿಟ್ಟರು. ಕಾದಾಡಿ ಒಂದು ಗಂಡು ಒಡೆಯನಾಯಿತು, ಉಳಿದವು ಅಧೀನ. ಅಧೀನ ಇಲಿಗಳು ತೂಕ ಕಳೆದುಕೊಂಡವು, ಅವುಗಳ ಹಿಪ್ಪೊಕ್ಯಾಂಪಸ್‌ನಲ್ಲಿ 1ಎ ಗ್ರಾಹಿ ಕುಗ್ಗಿತ್ತು, ಮೆದುಳಿನ ಹೊರಪದರದಲ್ಲಿ 2ರ ಕುಟುಂಬದ ಗ್ರಾಹಿ ಹೆಚ್ಚಿತ್ತು. ಅಧೀನಗಳಲ್ಲೇ ಒಂದು ಪಂಗಡ ವಿಚಿತ್ರವಾಗಿ ವರ್ತಿಸಿತು: ಹೊಸದೊಂದು ಒತ್ತಡ ಕೊಟ್ಟಾಗ ಅವುಗಳ ಕಾರ್ಟಿಕೋಸ್ಟೆರೋನ್ ಏಳಲೇ ಇಲ್ಲ. ಹಾರ್ಮೋನು ಕಡಿಮೆ ಎಂದ ಮಾತ್ರಕ್ಕೆ ಪ್ರಾಣಿ ಸುಖವಾಗಿದೆ ಎಂದು ತಿಳಿಯುವವರು ಈ ಇಲಿಗಳನ್ನು ನೆನಪಿಡಬೇಕು. ಏಳುವ ಶಕ್ತಿಯನ್ನೇ ಕಳೆದುಕೊಂಡ ಸರಪಳಿಯೂ ಕಡಿಮೆ ಅಂಕಿಯನ್ನೇ ತೋರಿಸುತ್ತದೆ.

ತಾಯಿಯ ನಾಲಿಗೆ ಮತ್ತು 7ನೇ ಗ್ರಾಹಿ

ಸೆರೊಟೋನಿನ್ ತೇಲುಬುರುಡೆಯ ಮೇಲೂ ಕೈಯಾಡಿಸುತ್ತದೆ ಎಂದೆನಲ್ಲ, ಅದರ ಕಥೆ ಇದು. ಇಡೀ ವಿಷಯದಲ್ಲಿ ನನ್ನನ್ನು ಹೆಚ್ಚು ಬೆರಗುಗೊಳಿಸಿದ ಭಾಗವೂ ಇದೇ.

ಕೆನಡಾದ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಮೀನಿ ಅವರ ತಂಡ ತಾಯಿ ಇಲಿಗಳನ್ನು ಗಮನಿಸುತ್ತಿತ್ತು. ಕೆಲವು ತಾಯಂದಿರು ಮರಿಗಳನ್ನು ಹೆಚ್ಚು ನೆಕ್ಕಿ ಒಪ್ಪ ಮಾಡುತ್ತವೆ, ಕೆಲವು ಕಡಿಮೆ. ಮೊದಲ ವಾರ ಹೆಚ್ಚು ನೆಕ್ಕಿಸಿಕೊಂಡ ಮರಿಗಳು ದೊಡ್ಡವಾದ ಮೇಲೆ, ಕದಲದಂತೆ ಕೂಡಿಹಾಕಿದಾಗ, ಅವುಗಳ ಎಸಿಟಿಎಚ್ ಮತ್ತು ಕಾರ್ಟಿಕೋಸ್ಟೆರೋನ್ ಉಳಿದವಕ್ಕಿಂತ ಕಡಿಮೆ ಏರಿತು. 1997ರಲ್ಲಿ ಇದು ಪ್ರಕಟವಾಯಿತು. ರಕ್ತಗುಣ ಇರಬಹುದೇ? ಮರಿಗಳನ್ನು ಅದಲುಬದಲು ಮಾಡಿ ಸಾಕು ತಾಯಿಗೆ ಕೊಟ್ಟು ನೋಡಿದರು. ಹೆತ್ತವಳಿಗಿಂತ ನೆಕ್ಕಿದವಳೇ ಮುಖ್ಯ ಎಂದು ಗೊತ್ತಾಯಿತು.

ಒಳಗೆ ಆದದ್ದೇನು? ತಾಯಿ ನೆಕ್ಕುವಾಗ ಮರಿಯ ಹಿಪ್ಪೊಕ್ಯಾಂಪಸ್‌ನಲ್ಲಿ ಸೆರೊಟೋನಿನ್ ಚಟುವಟಿಕೆ ಹೆಚ್ಚುತ್ತದೆ. ಅದು ಅಲ್ಲಿನ 7ನೇ ಬಗೆಯ ಗ್ರಾಹಿಯನ್ನು ಹಿಡಿದು ಸೈಕ್ಲಿಕ್ ಎಎಂಪಿ ಏರಿಸುತ್ತದೆ. ಅಲ್ಲಿಂದ ಸಂದೇಶ ಕೋಶಕೇಂದ್ರಕ್ಕೆ ಹೋಗಿ, ಎನ್‌ಜಿಎಫ್‌ಐ-ಎ ಎಂಬ ಪ್ರೋಟೀನು ಒಂದು ನಿರ್ದಿಷ್ಟ ಜೀನನ್ನು ಎಬ್ಬಿಸುತ್ತದೆ. ಕಾರ್ಟಿಕೋಸ್ಟೆರೋನನ್ನು ಗುರುತಿಸುವ ಗ್ರಾಹಿಯನ್ನು ಮಾಡುವ ಜೀನು ಅದು. ಆ ಗ್ರಾಹಿ ಹೆಚ್ಚಿದಷ್ಟೂ ಹಿಪ್ಪೊಕ್ಯಾಂಪಸ್ ರಕ್ತದ ಹಾರ್ಮೋನನ್ನು ಬೇಗ ಗುರುತಿಸಿ 'ಸಾಕು' ಎನ್ನುತ್ತದೆ. ತೇಲುಬುರುಡೆ ಸ್ವಲ್ಪ ನೀರಿಗೇ ಏಳತೊಡಗುತ್ತದೆ. ಪಾತ್ರೆಯಲ್ಲಿ ಬೆಳೆಸಿದ ಹಿಪ್ಪೊಕ್ಯಾಂಪಸ್ ಕೋಶಗಳಿಗೆ ಸೆರೊಟೋನಿನ್ ಹಾಕಿದರೂ ಇದೇ ಆಗುತ್ತದೆ, 7ನೇ ಗ್ರಾಹಿಯನ್ನು ಮುಚ್ಚಿದರೆ ಆಗುವುದಿಲ್ಲ.

ಸೆರೊಟೋನಿನ್ ಬಂದುಹೋಗಿ ತಿಂಗಳುಗಳಾದ ಮೇಲೂ ಪರಿಣಾಮ ಉಳಿಯುವುದು ಹೇಗೆ ಎಂಬುದಕ್ಕೆ 2004ರಲ್ಲಿ ಉತ್ತರ ಬಂತು. ಹೆಚ್ಚು ನೆಕ್ಕಿಸಿಕೊಂಡ ಮರಿಗಳಲ್ಲಿ ಆ ಜೀನಿನ ಆರಂಭದ ತುಣುಕಿನ ಮೇಲಿರುವ, ಜೀನನ್ನು ಅದುಮಿಡುವ ಮಿಥೈಲ್ ಎಂಬ ಪುಟ್ಟ ರಾಸಾಯನಿಕ ಗುರುತುಗಳು ಅಳಿಸಿಹೋಗಿರುತ್ತವೆ, ಕಡಿಮೆ ನೆಕ್ಕಿಸಿಕೊಂಡವುಗಳಲ್ಲಿ ಉಳಿದಿರುತ್ತವೆ. ಡಿಎನ್‌ಎಯ ಅಕ್ಷರ ಬದಲಾಗಿಲ್ಲ. ಅದನ್ನು ಓದುವ ಅನುಕೂಲ ಬದಲಾಗಿದೆ. ಆ ಗುರುತೂ ಕಲ್ಲಿನ ಮೇಲೆ ಕೊರೆದದ್ದೇನಲ್ಲ. ದೊಡ್ಡ ಇಲಿಯ ಮೆದುಳಿಗೆ ಸೂಕ್ತ ರಾಸಾಯನಿಕ ಕೊಟ್ಟು ಅದನ್ನು ತಿರುಗಿಸಲು ಅದೇ ತಂಡಕ್ಕೆ ಸಾಧ್ಯವಾಯಿತು.

ಎಳವೆಯ ಈ ಕಿಟಕಿಯಲ್ಲಿ ಬೇರೆ ಗ್ರಾಹಿಗಳೂ ಇಣುಕುತ್ತವೆ. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ವಿದಿತಾ ವೈದ್ಯ ಅವರ ತಂಡ, ದಿನದ ಕೆಲವು ಹೊತ್ತು ತಾಯಿಯಿಂದ ಅಗಲಿಸಿದ ಇಲಿಮರಿಗಳಿಗೆ ಆ ದಿನಗಳಲ್ಲೇ 2ರ ಕುಟುಂಬವನ್ನು ಮುಚ್ಚುವ ಕೆಟಾನ್ಸೆರಿನ್ ಕೊಟ್ಟಿತು. ಅವು ದೊಡ್ಡವಾದಾಗ, ಅಗಲಿಕೆಯಿಂದ 'ಬರಬೇಕಾಗಿದ್ದ' ಆತಂಕದ ವರ್ತನೆ ಬರಲಿಲ್ಲ ಎಂದು 2011ರಲ್ಲಿ ವರದಿಯಾಯಿತು. ಒಂದೇ ಎಳವೆ, ಒಂದೇ ಸೆರೊಟೋನಿನ್. 7ನೇ ಗ್ರಾಹಿಯ ಮೂಲಕ ಬಂದರೆ ಮುಂದಿನ ಬದುಕಿಗೆ ತಡೆ ಬಲವಾಗುತ್ತದೆ. ಅಗಲಿಕೆಯ ಸಂಕಟದಲ್ಲಿ 2ರ ಮೂಲಕ ಬಂದರೆ ಆತಂಕ ಬೇರೂರುತ್ತದೆ.

ಮೆದುಳಿನ ಹೊರಗೂ

ಸರಪಳಿಯ ಕೆಳತುದಿಯಲ್ಲೂ ಸೆರೊಟೋನಿನ್ ಇದೆ. ಕಪ್ಪೆಯ ಅಡ್ರಿನಲ್ ಅಂಗಾಂಶದಲ್ಲಿ ಅಡ್ರಿನಲಿನ್ ಮಾಡುವ ಕೋಶಗಳೇ ಸೆರೊಟೋನಿನ್ ಇಟ್ಟುಕೊಂಡಿರುತ್ತವೆ. ಅದು ಪಕ್ಕದ ಕೋಶಗಳ 4ನೇ ಗ್ರಾಹಿಯನ್ನು ತಟ್ಟಿ ಕಾರ್ಟಿಕೋಸ್ಟೆರೋನ್ ಹೊರಡಿಸುತ್ತದೆ. ಇಲಿಯ ಅಡ್ರಿನಲ್‌ನಲ್ಲಿ ಅದೇ ಕೆಲಸ 7ನೇ ಗ್ರಾಹಿಗೆ ಬಿದ್ದಿದೆ. ಮೆದುಳಿನಲ್ಲಿ ತಡೆಯನ್ನು ಬಲಪಡಿಸುವ 7, ಗ್ರಂಥಿಯಲ್ಲಿ ಹಾರ್ಮೋನನ್ನು ಚಿಮ್ಮಿಸುತ್ತದೆ. ಯಾವ ಗ್ರಾಹಿ ಎನ್ನುವಷ್ಟೇ ಎಲ್ಲಿ ಕೂತಿದೆ ಎನ್ನುವುದೂ ಮುಖ್ಯ ಎನ್ನುವುದಕ್ಕೆ ಇದಕ್ಕಿಂತ ಚೊಕ್ಕ ಉದಾಹರಣೆ ನನಗೆ ಸಿಕ್ಕಿಲ್ಲ.

ಬೆನ್ನುಮೂಳೆಯೇ ಇಲ್ಲದ ಏಡಿ, ಕ್ರೇಫಿಶ್‌ಗಳಲ್ಲಿ ಪಿಟ್ಯುಟರಿಯೂ ಇಲ್ಲ, ಕಾರ್ಟಿಸೋಲಿನ ಸರಪಳಿಯೂ ಇಲ್ಲ. ಅವುಗಳ ಒತ್ತಡದ ಹಾರ್ಮೋನು ಕಣ್ಣಿನ ತೊಟ್ಟಿನೊಳಗಿನ ಗ್ರಂಥಿಯಿಂದ ಬರುತ್ತದೆ, ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಅದನ್ನು ಹೊರಡಿಸುವವರಲ್ಲಿ ಒಬ್ಬರು ಯಾರು ಎಂದರೆ, ಮತ್ತೆ ಸೆರೊಟೋನಿನ್! 2014ರಲ್ಲಿ ಫ್ರಾನ್ಸಿನ ಸಂಶೋಧಕರು ಒತ್ತಡಕ್ಕೆ ಒಳಗಾದ ಕ್ರೇಫಿಶ್‌ಗಳು ಬೆಳಕಿರುವ ದಾರಿಯನ್ನು ತಪ್ಪಿಸಿ ಕತ್ತಲಲ್ಲೇ ಉಳಿಯುವುದನ್ನೂ, ಸೆರೊಟೋನಿನ್ ಚುಚ್ಚಿದರೆ ಒತ್ತಡವಿಲ್ಲದವೂ ಹಾಗೇ ಮಾಡುವುದನ್ನೂ ತೋರಿಸಿದರು.

ಮೇವು, ಮಾತ್ರೆ

ಇದರಿಂದ ಪ್ರಾಣಿ ಸಾಕುವವರಿಗೆ ಏನು ಉಪಯೋಗ ಎಂದು ಕೇಳುವವರಿಗೆ ಎರಡು ಉದಾಹರಣೆ ಸಾಕು. ಮೊದಲನೆಯದು ಮೇವು. ವಿನ್‌ಬರ್ಗ್ ತಂಡ ಮಳೆಬಿಲ್ಲು ಟ್ರೌಟ್‌ಗಳಿಗೆ ಒಂದು ವಾರ ಹೆಚ್ಚು ಟ್ರಿಪ್ಟೊಫಾನ್ ಇರುವ ಮೇವು ಕೊಟ್ಟು, ನಂತರ ತೊಟ್ಟಿಯ ನೀರಿನ ಮಟ್ಟ ಇಳಿಸಿ ಹೆದರಿಸಿತು. ಮಾಮೂಲಿ ಮೇವು ತಿಂದ ಮೀನಿನ ಕಾರ್ಟಿಸೋಲ್ ಏರಿತು, ಟ್ರಿಪ್ಟೊಫಾನ್ ತಿಂದದ್ದರಲ್ಲಿ ಆ ಏರಿಕೆ ಕಾಣಲಿಲ್ಲ. ಹಂದಿಗಳಲ್ಲೂ ಹೆಚ್ಚುವರಿ ಟ್ರಿಪ್ಟೊಫಾನ್ ಕೊಟ್ಟಾಗ ಸಾಮಾಜಿಕ ಒತ್ತಡದ ನಂತರ ಕಾರ್ಟಿಸೋಲ್ ಕಡಿಮೆಯಾಗಿದ್ದು ವರದಿಯಾಗಿದೆ. ಬಾಳೆಹಣ್ಣು ತಿಂದರೆ ಒತ್ತಡ ಹೋಗುತ್ತದೆ ಎಂಬ ವಾಟ್ಸಾಪ್ ಸಂದೇಶಕ್ಕೆ ಇದನ್ನು ಪುರಾವೆ ಮಾಡಬೇಡಿ. ಟ್ರಿಪ್ಟೊಫಾನ್ ಮೆದುಳಿಗೆ ಹೋಗುವ ದಾರಿಯಲ್ಲಿ ಬೇರೆ ಅಮೈನೊ ಆಮ್ಲಗಳ ಜೊತೆ ಪೈಪೋಟಿ ಮಾಡಬೇಕು. ಮೇವಿನಲ್ಲಿ ಎಷ್ಟಿದೆ ಎನ್ನುವುದಕ್ಕಿಂತ ಉಳಿದವುಗಳ ಲೆಕ್ಕದಲ್ಲಿ ಎಷ್ಟಿದೆ ಎನ್ನುವುದು ನಿರ್ಣಾಯಕ. ಮೇಲಾಗಿ ಫುಲ್ಲರ್ ಇಲಿಗಳಲ್ಲಿ ಸೆರೊಟೋನಿನ್ ದಿಢೀರನೆ ಹೆಚ್ಚಿದಾಗ ಹಾರ್ಮೋನು ಏರಿತ್ತು. ಟ್ರೌಟ್‌ನಲ್ಲಿ ಒಂದು ವಾರ ನಿಧಾನವಾಗಿ ಹೆಚ್ಚಿದಾಗ ಪ್ರತಿಕ್ರಿಯೆ ತಗ್ಗಿತು. ವೇಗವೂ ಅರ್ಥವನ್ನು ಬದಲಿಸುತ್ತದೆ.

ಎರಡನೆಯದು ನಾಯಿ. ಒಡೆಯರು ಮನೆಯಿಂದ ಹೊರಟರೆ ಊಳಿಟ್ಟು ಬಾಗಿಲು ಕೆರೆಯುವ ನಾಯಿಗಳಿಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2007ರಲ್ಲಿ ಫ್ಲೂಕ್ಸೆಟಿನ್ ಮಾತ್ರೆಗೆ ಒಪ್ಪಿಗೆ ಕೊಟ್ಟಿತು. ಮಾತ್ರೆ ಶುರುವಾದ ದಿನವೇ ಸೆರೊಟೋನಿನ್ ಹೀರಿಕೆ ನಿಲ್ಲುತ್ತದೆ, ಗುಣ ಕಾಣಲು ಮಾತ್ರ ವಾರಗಳು ಬೇಕು. ಕಾರಣದ ಒಂದು ಭಾಗ ಇಲಿಗಳಿಂದ ಗೊತ್ತಾಗಿದೆ. ಮೊದಮೊದಲು ರಾಫೆಯ ಸ್ವಂತ ತಪಾಸಣೆಯ 1ಎ ಗ್ರಾಹಿ ಹೆಚ್ಚಿದ ಸೆರೊಟೋನಿನ್ ಕಂಡು ಕೋಶವನ್ನು ಹಿಡಿದಿಡುತ್ತದೆ. ದಿನಗಳು ಉರುಳಿದಂತೆ ಅದರ ಸೂಕ್ಷ್ಮತೆ ಮೊಂಡಾಗುತ್ತದೆ. ಹೈಪೋಥಲಾಮಸ್‌ನ 1ಎ ಕೂಡ ಮೊಂಡಾಗುತ್ತದೆ: ದಿನವೂ ಫ್ಲೂಕ್ಸೆಟಿನ್ ಪಡೆದ ಇಲಿಗೆ 8-ಓಎಚ್-ಡಿಪಿಎಟಿ ಕೊಟ್ಟರೆ ಎಸಿಟಿಎಚ್ ಮೊದಲಿನಷ್ಟು ಏರುವುದಿಲ್ಲ. ನಾಯಿಗೆ ಆ ಒಪ್ಪಿಗೆ ಸಿಕ್ಕಿರುವುದು ಮಾತ್ರೆಗೆ ಒಂಟಿಯಾಗಿ ಅಲ್ಲ, ವರ್ತನೆ ತಿದ್ದುವ ತರಬೇತಿಯ ಜೊತೆಗೆ ಕೊಡಬೇಕೆಂಬ ಷರತ್ತಿನ ಮೇಲೆ.